ಲಿಫ್ಟು ಏರಿದ್ದು ಬೇಗ, ನಿಲ್ಲಲು ಕಲಿತದ್ದು ನಿಧಾನ

ಹದಿನೈದು ವರ್ಷದ ಹಿಂದೆ ಲಿಫ್ಟು ಅಂದರೆ ನಮ್ಮೂರುಗಳವರಿಗೆ ಬೆಂಗಳೂರಿನದೋ ಹುಬ್ಬಳ್ಳಿಯದೋ ದೊಡ್ಡಾಸ್ಪತ್ರೆ. ಈಗ ಹಾಗಿಲ್ಲ. ತಾಲೂಕು ಕೇಂದ್ರದ ನರ್ಸಿಂಗ್ ಹೋಮಿಗೆ ಲಿಫ್ಟು ಬಂದಿದೆ. ಕಲ್ಯಾಣ ಮಂಟಪಕ್ಕೆ ಬಂದಿದೆ. ಅವ್ವನಿಗೆ ಮಂಡಿ ನೋವು ಅಂತ ಮಗ ಹೊಸ ಮನೆ ಕಟ್ಟಿಸುವಾಗಲೇ ಲಿಫ್ಟಿಗೆ ಜಾಗ ಬಿಡಿಸಿದ್ದನ್ನೂ ನೋಡಿದ್ದೇವೆ.

ಕೊಟೇಶನ್ ತರಿಸಿದವರು ಅದರಲ್ಲಿ ಒಂದು ಸಾಲನ್ನು ಕಂಡೇ ಇರುತ್ತೀರಿ: "ವಿಎಫ್‌ಡಿ ಡ್ರೈವ್ ಸಹಿತ". ಕೆಲವರು ಅದನ್ನೇ "ವಿ3ಎಫ್" ಎಂದು ಬರೆಯುತ್ತಾರೆ. ಅದೇನು ಎಂದು ಕೇಳಿದರೆ "ಕರೆಂಟ್ ಉಳಿಸೋ ಪೆಟ್ಟಿಗೆ ಸರ್" ಎಂಬ ಉತ್ತರ ಬರುತ್ತದೆ. ಉಳಿಸುತ್ತದೆ, ಸುಳ್ಳಲ್ಲ. ಆದರೆ ಲಿಫ್ಟಿಗೆ ಅದು ಬಂದದ್ದು ಮುಖ್ಯವಾಗಿ ಅದಕ್ಕಲ್ಲ. ಭಾರ ಹೊತ್ತ ಕ್ಯಾಬಿನ್ನನ್ನು ಕುಲುಕದೆ, ನೆಲಕ್ಕೆ ಸರಿಸಮನಾಗಿ ನಿಲ್ಲಿಸುವುದು ಹೇಗೆ ಎಂಬ ನೂರು ವರ್ಷದ ತಲೆನೋವಿಗೆ ಸಿಕ್ಕ ಮದ್ದು ಅದು. ಆ ತಲೆನೋವಿನ ಕಥೆ ಗೊತ್ತಿದ್ದರೆ ಕೊಟೇಶನ್ ಓದುವುದು ಸುಲಭವಾಗುತ್ತದೆ. ಹಾಗಾಗಿ ಮೊದಲು ಕಥೆ, ಆಮೇಲೆ ಖರೀದಿ.

ಲಿಫ್ಟಿನ ಚರಿತ್ರೆ ಹೇಳುವವರೆಲ್ಲ ಎಲಿಶಾ ಓಟಿಸ್‌ನಿಂದ ಶುರುಮಾಡುತ್ತಾರೆ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಆತ ಎತ್ತರದ ಹಲಗೆಯ ಮೇಲೆ ನಿಂತು, ಹಗ್ಗ ಕಡಿಯಲು ಹೇಳಿದ. ಹಲಗೆ ಕೆಳಗೆ ಬೀಳಲಿಲ್ಲ. ಹಗ್ಗ ಸಡಿಲವಾದೊಡನೆ ಒಂದು ಸ್ಪ್ರಿಂಗ್ ಬಿಚ್ಚಿಕೊಂಡು, ಪಕ್ಕದ ಕಂಬಗಳ ಹಲ್ಲಿಗೆ ಕೊಂಡಿ ಸಿಕ್ಕಿಸಿತ್ತು. 1857ರಲ್ಲಿ ಅದೇ ನಗರದ ಹಾವ್‌ವೌಟ್ ಎಂಬ ಅಂಗಡಿಯ ಐದಂತಸ್ತಿನ ಕಟ್ಟಡಕ್ಕೆ ಜನ ಹತ್ತುವ ಲಿಫ್ಟು ಬಂತು. ಉಗಿಯಂತ್ರದಿಂದ ಓಡುತ್ತಿತ್ತು. ನಿಮಿಷಕ್ಕೆ 40 ಅಡಿ ವೇಗ. ಮೆಟ್ಟಿಲು ಹತ್ತುವವರೇ ಅದಕ್ಕಿಂತ ಮುಂದೆ ಹೋಗುತ್ತಿದ್ದರೇನೋ.

ಆ ವೇಗಕ್ಕೆ ನಿಲ್ಲಿಸುವುದು ದೊಡ್ಡ ಮಾತಾಗಿರಲಿಲ್ಲ. ಬ್ರೇಕ್ ಹಿಡಿದರೆ ನಿಂತಿತು. ವೇಗ ಹೆಚ್ಚಿದ ಹಾಗೆ ತೊಂದರೆ ಶುರುವಾಯಿತು. 1880ರಲ್ಲಿ ಜರ್ಮನಿಯ ಮಾನ್‌ಹೈಮ್ ಪ್ರದರ್ಶನದಲ್ಲಿ ವೆರ್ನರ್ ಫಾನ್ ಸೀಮೆನ್ಸ್ ವಿದ್ಯುತ್ ಲಿಫ್ಟು ತೋರಿಸಿದ. ವಿದ್ಯುತ್ ಮೋಟಾರು ಬಂದಮೇಲೆ ಲಿಫ್ಟಿನ ವೇಗವೂ ಏರಿತು, ಎತ್ತರವೂ ಏರಿತು. ಆದರೆ ಓಡುತ್ತಿರುವ ಮೋಟಾರಿನ ಕರೆಂಟು ಕಿತ್ತು ಬ್ರೇಕ್ ಹಾಕಿದರೆ ಏನಾಗುತ್ತದೆ? ಒಬ್ಬರಿದ್ದಾಗ ಕ್ಯಾಬಿನ್ ಒಂದು ಕಡೆ ನಿಲ್ಲುತ್ತದೆ, ಆರು ಜನ ಇದ್ದಾಗ ಇನ್ನೊಂದು ಕಡೆ. ಎರಡು ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ. ಕಣ್ಣು ಮಂಜಾದವರು ಎಡವಿ ಬೀಳುವುದು ಅಲ್ಲೇ. ಸ್ಟ್ರೆಚರಿನ ಚಕ್ರ ಸಿಕ್ಕಿಕೊಳ್ಳುವುದೂ ಅಲ್ಲೇ.

ಇದಕ್ಕೆ ಕಾರಣ ತಿಳಿಯಲು ಲಿಫ್ಟಿನ ಮೇಲ್ಮನೆಯವರೆಗೆ ಹೋಗಬೇಕಿಲ್ಲ. ನಿಮ್ಮ ಪಂಪ್‌ಸೆಟ್ ಮೋಟಾರಿನ ಮೇಲಿನ ತಗಡು ನೋಡಿ. 1440 ಎಂದೋ 2880 ಎಂದೋ ಬರೆದಿರುತ್ತದೆ. ಯಾವ ಕಂಪನಿಯದಾದರೂ ಹೆಚ್ಚುಕಡಿಮೆ ಅವೇ ಅಂಕಿ. ಯಾಕೆ ಹಾಗೆ ಎಂದು ನಾವು ಬಹಳ ದಿನ ಕೇಳಿಕೊಂಡಿರಲೇ ಇಲ್ಲ.

ನಮ್ಮ ಲೈನಿನ ಕರೆಂಟು ಸೆಕೆಂಡಿಗೆ 50 ಸಲ ಹಿಂದುಮುಂದು ಆಡುತ್ತದೆ. ಇದನ್ನೇ 50 ಹರ್ಟ್ಸ್, ಅಂದರೆ ಅದರ ಆವರ್ತನ ಎನ್ನುವುದು. ನಿಮಿಷಕ್ಕೆ ಲೆಕ್ಕ ಹಾಕಿದರೆ 3000. ಮೋಟಾರಿನ ಸುತ್ತಿಗೆಯಲ್ಲಿ ಎರಡು ಧ್ರುವ ಇದ್ದರೆ ಒಳಗಿನ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ, ನಾಲ್ಕು ಧ್ರುವ ಇದ್ದರೆ 1500. ರೋಟರು ಅದರ ಹಿಂದೆ ಸ್ವಲ್ಪ ಜಾರುತ್ತ ಓಡುತ್ತದೆ. ಹಾಗಾಗಿ 2880, 1440. ಅಂದರೆ ಮೋಟಾರಿನ ವೇಗ ನಿಮ್ಮ ಕೈಯಲ್ಲಿಲ್ಲ, ಎಲ್ಲೋ ದೂರದಲ್ಲಿ ಕರೆಂಟು ಹುಟ್ಟಿಸುವ ಜನರೇಟರಿನ ಕೈಯಲ್ಲಿದೆ.

ಈ ಮಾತಿಗೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಸಾಕ್ಷಿ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಕರೆಂಟು ಕೊಟ್ಟರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ. ಅದು ನಡೆಯುವಾಗ ಅವರು ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಆಗ ಅಲ್ಲಿ ಹುಟ್ಟುತ್ತಿದ್ದ ಕರೆಂಟು 50 ಹರ್ಟ್ಸ್‌ನದಲ್ಲ, 25 ಹರ್ಟ್ಸ್‌ನದು. ಇವತ್ತಿನ ನಮ್ಮ 1440ರ ಮೋಟಾರನ್ನು ಆ ಲೈನಿಗೆ ಕಟ್ಟಿದ್ದರೆ ಅದು 750ರ ಒಳಗೇ ತಿರುಗುತ್ತಿತ್ತು. ಜೊತೆಗೆ ವೋಲ್ಟೇಜನ್ನೂ ಅರ್ಧ ಮಾಡದಿದ್ದರೆ ಒಳಗಿನ ಕಬ್ಬಿಣಕ್ಕೆ ಕಾಂತಶಕ್ತಿ ಅತಿಯಾಗಿ, ಕಾದು ಸುಟ್ಟೂ ಹೋಗುತ್ತಿತ್ತು. ಆವರ್ತನ ಇಳಿಸಿದರೆ ವೇಗ ಇಳಿಯುತ್ತದೆ. ಆವರ್ತನ ಇಳಿಸಿದಷ್ಟೇ ವೋಲ್ಟೇಜನ್ನೂ ಇಳಿಸಬೇಕು. ವಿಎಫ್‌ಡಿಯ ಮೂಲ ಸೂತ್ರ ಇಷ್ಟೇ. ಇದು ಎಂಜಿನಿಯರುಗಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆದರೆ ಜನರೇಟರಿನ ವೇಗ ಬದಲಿಸದೆ ಆವರ್ತನ ಬದಲಿಸುವ ಸಲೀಸಾದ ದಾರಿ ಯಾರ ಬಳಿಯೂ ಇರಲಿಲ್ಲ. ಒಂದು ಲಿಫ್ಟು ಮೆತ್ತಗೆ ನಿಲ್ಲಲಿ ಅಂತ ಶಿವನಸಮುದ್ರದ ಟರ್ಬೈನು ನಿಲ್ಲಿಸಲಾಗುತ್ತದೆಯೇ?

ಹಾಗಾದರೆ ಒಂದೊಂದು ಲಿಫ್ಟಿಗೂ ಅದರದೇ ಜನರೇಟರು ಕೊಟ್ಟರೆ? ಅಮೆರಿಕದ ಹ್ಯಾರಿ ವಾರ್ಡ್ ಲಿಯೊನಾರ್ಡ್ 1891ರಲ್ಲಿ ಮಾಡಿದ್ದು ಇದನ್ನೇ. ಲೈನಿನ ಕರೆಂಟಿನಿಂದ ಒಂದು ಮೋಟಾರು ಒಂದೇ ವೇಗದಲ್ಲಿ ಓಡುತ್ತಿರುತ್ತದೆ. ಅದು ಒಂದು ಡಿಸಿ ಜನರೇಟರನ್ನು ತಿರುಗಿಸುತ್ತದೆ. ಆ ಜನರೇಟರಿನಿಂದ ಲಿಫ್ಟಿನ ಡಿಸಿ ಮೋಟಾರಿಗೆ ಕರೆಂಟು. ಜನರೇಟರಿನ ಕಾಂತದ ಸುತ್ತಿಗೆಗೆ ಹರಿಯುವ ಸಣ್ಣ ಕರೆಂಟನ್ನು ಹೆಚ್ಚುಕಡಿಮೆ ಮಾಡಿದರೆ ಸಾಕು, ಲಿಫ್ಟಿನ ದೊಡ್ಡ ಮೋಟಾರು ಸೊನ್ನೆಯಿಂದ ಪೂರ್ತಿ ವೇಗದವರೆಗೆ ಹೇಳಿದ ಹಾಗೆ ಕೇಳುತ್ತದೆ. ಒಂದು ಲಿಫ್ಟಿಗೆ ಮೂರು ದೊಡ್ಡ ಯಂತ್ರ. ದುಬಾರಿ, ಭಾರ, ಸದ್ದು. ಲಿಫ್ಟು ಸುಮ್ಮನೆ ನಿಂತಾಗಲೂ ಜನರೇಟರು ತಿರುಗುತ್ತಲೇ ಇರುತ್ತಿತ್ತು. ಆದರೂ ಗಗನಚುಂಬಿ ಕಟ್ಟಡಗಳ ಲಿಫ್ಟಿಗೂ ಆಳದ ಗಣಿಗಳ ಕೇಜಿಗೂ ಎಂಬತ್ತು ತೊಂಬತ್ತು ವರ್ಷ ಇದೇ ಗತಿಯಾಗಿತ್ತು. ಇದರಷ್ಟು ನಯವಾಗಿ ನಿಲ್ಲಿಸುವ ಬೇರೆ ಉಪಾಯ ಇರಲಿಲ್ಲ ಎಂಬುದಕ್ಕೆ ಇಷ್ಟು ದೀರ್ಘ ಆಯಸ್ಸೇ ಪುರಾವೆ.

ಸಣ್ಣ ಕಟ್ಟಡದವರಿಗೆ ಅಷ್ಟೆಲ್ಲ ಎಲ್ಲಿಂದ ಬರಬೇಕು? ಅವರಿಗೆ ಸಿಕ್ಕಿದ್ದು ನಮ್ಮ ಪಂಪ್‌ಸೆಟ್ಟಿನ ಜಾತಿಯ ಎಸಿ ಮೋಟಾರು. 1889ರಲ್ಲಿ ಡೊಲಿವೊ-ಡೊಬ್ರೊವೊಲ್ಸ್ಕಿ ಎಂಬ ಎಂಜಿನಿಯರು ರೂಪ ಕೊಟ್ಟ, ಬ್ರಷ್ ಇಲ್ಲದ, ಗಟ್ಟಿಮುಟ್ಟಾದ ಮೋಟಾರು ಅದು. ಗುಂಡಿ ಒತ್ತಿದರೆ ಜಗ್ಗಿ ಓಡುತ್ತದೆ, ಬ್ರೇಕ್ ಬಿದ್ದರೆ ಧಡ್ ಎಂದು ನಿಲ್ಲುತ್ತದೆ. ಆಮೇಲೆ ಎರಡು ವೇಗದ ಮೋಟಾರು ಬಂತು: ಒಂದೇ ಮೈಯಲ್ಲಿ ನಾಲ್ಕು ಧ್ರುವದ ಸುತ್ತಿಗೆ ಒಂದು, ಹದಿನಾರು ಧ್ರುವದ್ದು ಇನ್ನೊಂದು. ಓಡುವಾಗ 1500ರ ಲೆಕ್ಕ, ನಿಲ್ಲುವ ಮುಂಚೆ 375ರ ಲೆಕ್ಕ. ಹಳೆಯ ಲಾಡ್ಜಿನ ಲಿಫ್ಟಿನಲ್ಲಿ ಮಹಡಿ ಬರುವ ಮುಂಚೆ ಹೊಟ್ಟೆ ಒಮ್ಮೆ ಜಗ್ಗಿದಂತಾಗಿ, ಆಮೇಲೆ ತೆವಳಿಕೊಂಡು ಹೋಗಿ ನಿಲ್ಲುವುದು ನೆನಪಿದೆಯೇ? ಆ ಜಗ್ಗು ಸುತ್ತಿಗೆ ಬದಲಾದ ಗಳಿಗೆಯದು. ಈಗಲೂ ಇಂಥ ಲಿಫ್ಟುಗಳು ಓಡುತ್ತಿವೆ.

ಬಿಡುಗಡೆ ಬಂದದ್ದು ಅರೆವಾಹಕಗಳಿಂದ. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಥೈರಿಸ್ಟರ್ ಹುಟ್ಟಿತು. ದೊಡ್ಡ ಕರೆಂಟನ್ನು ಅಲುಗುವ ಭಾಗವಿಲ್ಲದೆ ಹರಿಯಬಿಡುವ ಸ್ವಿಚ್ಚು. 1968ರಲ್ಲಿ ಡೆನ್ಮಾರ್ಕಿನ ಡ್ಯಾನ್‌ಫಾಸ್ ಆವರ್ತನ ಬದಲಿಸುವ ಪೆಟ್ಟಿಗೆಯನ್ನು ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸಿ ಮಾರಲು ಶುರುಮಾಡಿತು. ಫ್ಯಾನು, ಪಂಪಿಗೆ ಇಂಥ ಪೆಟ್ಟಿಗೆ ಸಾಕು. ಲಿಫ್ಟಿಗೆ ಸಾಲದು. ಯಾಕೆಂದರೆ ಪಂಪು ನಿಧಾನವಾಗಿ ತಿರುಗುವಾಗ ಅದರ ಮೇಲೆ ಹೊರೆಯೇ ಇರುವುದಿಲ್ಲ. ವೇಗ ಅರ್ಧವಾದರೆ ತಿರುಗಿಸಲು ಬೇಕಾದ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಲಿಫ್ಟು ಹಾಗಲ್ಲ. ವೇಗ ಸೊನ್ನೆಯಾದಾಗಲೂ ಆರು ಜನರ ಭಾರ ಆರು ಜನರ ಭಾರವೇ. ಬ್ರೇಕ್ ಬಿಟ್ಟ ಗಳಿಗೆಯಲ್ಲಿ ಮೋಟಾರು ಆ ಭಾರವನ್ನು ಕೈಯಲ್ಲಿ ಹಿಡಿದು ನಿಲ್ಲಬೇಕು.

ಎಸಿ ಮೋಟಾರಿಗೆ ಈ ಕೈಹಿಡಿತ ಕಲಿಸಿದ್ದು ಜರ್ಮನಿಯವರು. 1969ರಲ್ಲಿ ಡಾರ್ಮ್‌ಸ್ಟಾಟ್‌ನ ಹಾಸೆ, 1971ರ ಸುಮಾರಿಗೆ ಸೀಮೆನ್ಸ್‌ನ ಫೆಲಿಕ್ಸ್ ಬ್ಲಾಶ್ಕೆ. ಮೋಟಾರಿಗೆ ಹೋಗುವ ಕರೆಂಟಿನಲ್ಲಿ ಕಾಂತಕ್ಷೇತ್ರ ಹುಟ್ಟಿಸುವ ಪಾಲು ಯಾವುದು, ತಿರುಚುವ ಬಲ ಕೊಡುವ ಪಾಲು ಯಾವುದು ಎಂದು ಗಣಿತದಿಂದ ಬೇರ್ಪಡಿಸಿ, ಎರಡನ್ನೂ ಬೇರೆಬೇರೆಯಾಗಿ ಆಳುವ ದಾರಿ ಅವರದು. ವಾರ್ಡ್ ಲಿಯೊನಾರ್ಡ್ ಡಿಸಿ ಯಂತ್ರದಿಂದ ಪಡೆದ ಹಿಡಿತವನ್ನು ಇದು ಸಾದಾ ಎಸಿ ಮೋಟಾರಿನಲ್ಲೇ ಕೊಟ್ಟಿತು. ಇವತ್ತು ಡ್ರೈವಿನ ಕಾಗದದಲ್ಲಿ "ವೆಕ್ಟರ್ ಕಂಟ್ರೋಲ್" ಎಂದು ಇರುವುದು ಇದೇ. ಚರಿತ್ರೆಯಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಹೆಜ್ಜೆ ಇದು. ಓಟಿಸ್‌ನ ಹಗ್ಗ ಕಡಿದ ಕಥೆ ಎಲ್ಲರಿಗೂ ಗೊತ್ತು, ಬ್ಲಾಶ್ಕೆಯ ಹೆಸರು ಲಿಫ್ಟು ರಿಪೇರಿ ಮಾಡುವವರಿಗೂ ಗೊತ್ತಿಲ್ಲ.

ಗಣಿತ ಸಿಕ್ಕಿತು, ಕೈ ಬೇಕಿತ್ತು. ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಜೋಡಿಸುವ, ಆದರೂ ಕಾದು ಸಾಯದ ಸ್ವಿಚ್ಚು. ಇಲ್ಲಿ ಜಾಲಹಳ್ಳಿಯ ಹುಡುಗ ಬರುತ್ತಾರೆ. ಬಿ. ಜಯಂತ ಬಾಳಿಗ ಹುಟ್ಟಿದ್ದು ಚೆನ್ನೈಯಲ್ಲಿ, ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. ಆಗ ಅದು ಊರಾಚೆಯ ಹಳ್ಳಿ. ಬಿಷಪ್ ಕಾಟನ್ ಶಾಲೆ, ಮದ್ರಾಸ್ ಐಐಟಿ, ಆಮೇಲೆ ಅಮೆರಿಕ. 1980ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿ ಅವರು ಐಜಿಬಿಟಿ ಎಂಬ ಸ್ವಿಚ್ಚನ್ನು ರೂಪಿಸಿದರು. ಕಂಪನಿಗೆ ಬೇಕಾಗಿದ್ದುದು ಲಿಫ್ಟಿಗಲ್ಲ, ಮನೆ ಬೆಚ್ಚಗಿಡುವ ಹೀಟ್ ಪಂಪಿನ ಮೋಟಾರಿನ ವೇಗ ಬದಲಿಸಲು. ಐಜಿಬಿಟಿ ಅವರೊಬ್ಬರದೇ ಎನ್ನುವುದು ಸರಿಯಲ್ಲ. ಅಮೆರಿಕದ ಆರ್‌ಸಿಎ ಕಂಪನಿಯವರೂ ಅದೇ ಹೊತ್ತಿಗೆ ಆ ಹಾದಿಯಲ್ಲಿದ್ದರು, ಜಪಾನಿನ ತೋಷಿಬಾದ ನಕಗಾವಾ ಅದನ್ನು ಇನ್ನಷ್ಟು ಗಟ್ಟಿ ಮಾಡಿದರು. ಆದರೂ ಬಾಳಿಗರ ಪಾಲು ದೊಡ್ಡದು. 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಬಂದದ್ದು ಇದಕ್ಕೇ. ಇವತ್ತು ಲಿಫ್ಟಿನ ಡ್ರೈವಿನೊಳಗೆ, ರೈಲಿನೊಳಗೆ, ಎಲೆಕ್ಟ್ರಿಕ್ ಕಾರಿನೊಳಗೆ ಇರುವುದು ಈ ಐಜಿಬಿಟಿ.

ಲಿಫ್ಟಿಗೆ ಇನ್ವರ್ಟರ್ ಮೊದಲು ದೊಡ್ಡ ಪ್ರಮಾಣದಲ್ಲಿ ಹಾಕಿದವರು ಜಪಾನಿನವರು. 1980ರ ದಶಕದ ಮೊದಲ ವರ್ಷಗಳಲ್ಲಿ ಮಿತ್ಸುಬಿಷಿ ಎಲೆಕ್ಟ್ರಿಕ್ ಅಂಥ ಲಿಫ್ಟುಗಳನ್ನು ತಂದಿತು. ವೋಲ್ಟೇಜೂ ಬದಲಾಗುತ್ತದೆ, ಆವರ್ತನವೂ ಬದಲಾಗುತ್ತದೆ ಎಂಬುದನ್ನು ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಹೇಳಿದರೆ ಮೂರು ವಿ, ಒಂದು ಎಫ್. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದೇ ವಿ3ಎಫ್ ಆಯಿತು. 1996ರಲ್ಲಿ ಫಿನ್ಲೆಂಡಿನ ಕೋನೆ ಕಂಪನಿ ಗೇರ್‌ಬಾಕ್ಸೇ ಇಲ್ಲದ, ಶಾಶ್ವತ ಅಯಸ್ಕಾಂತದ ಚಪ್ಪಟೆ ಮೋಟಾರನ್ನು ಲಿಫ್ಟಿನ ಬಾವಿಯೊಳಗೇ ಕೂರಿಸಿ ಮೇಲಿನ ಮಶಿನ್ ರೂಮನ್ನೇ ತೆಗೆದುಹಾಕಿತು. ಈ ಮೋಟಾರು ಡ್ರೈವ್ ಇಲ್ಲದೆ ಒಂದು ಸುತ್ತೂ ಸರಿಯಾಗಿ ತಿರುಗದು. ಅಲ್ಲಿಗೆ ಡ್ರೈವ್ ಬೇಕೇ ಬೇಡವೇ ಎಂಬ ಪ್ರಶ್ನೆ ಮುಗಿಯಿತು. ಯಾವುದು ಎಂಬುದಷ್ಟೇ ಉಳಿಯಿತು.

ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಬೇಗ ಹೇಳಿಬಿಡುತ್ತೇವೆ. ಲೈನಿನಿಂದ ಬಂದ 415 ವೋಲ್ಟಿನ ಎಸಿ ಮೊದಲು ಡಿಸಿ ಆಗುತ್ತದೆ, ಸುಮಾರು 590 ವೋಲ್ಟ್. ಕೆರೆಯಲ್ಲಿ ನೀರು ನಿಂತ ಹಾಗೆ ಅದು ಕೆಪಾಸಿಟರುಗಳಲ್ಲಿ ನಿಲ್ಲುತ್ತದೆ. ಕೆರೆಯ ತೂಬನ್ನು ಹೆಚ್ಚು ಹೊತ್ತು ತೆರೆದರೆ ಗದ್ದೆಗೆ ಹೆಚ್ಚು ನೀರು, ಕಡಿಮೆ ಹೊತ್ತು ತೆರೆದರೆ ಕಡಿಮೆ ನೀರು ಅಲ್ಲವೇ? ಐಜಿಬಿಟಿಗಳು ಹಾಗೆಯೇ ಸೆಕೆಂಡಿಗೆ ಸಾವಿರಾರು ಸಲ ತೂಬು ತೆರೆದು ಮುಚ್ಚಿ, ಬೇಕಾದ ವೋಲ್ಟೇಜಿನ, ಬೇಕಾದ ಆವರ್ತನದ ಹೊಸ ಎಸಿಯನ್ನು ಮೋಟಾರಿಗೆ ಕೊಡುತ್ತವೆ. ಸೋಲಾರ್ ಪಂಪ್ ಹಾಕಿಸಿಕೊಂಡವರು ಇದನ್ನು ಕಿವಿಯಲ್ಲೇ ಕೇಳಿದ್ದೀರಿ: ಮೋಡ ಬಂದರೆ ಮೋಟಾರಿನ ಸದ್ದು ಇಳಿಯುತ್ತದೆ, ಬಿಸಿಲು ಬಂದರೆ ಏರುತ್ತದೆ. ಎಸಿ ಸೋಲಾರ್ ಪಂಪಿನ ಕಂಟ್ರೋಲರ್ ಕೂಡ ಒಂದು ವಿಎಫ್‌ಡಿಯೇ.

ಮೋಸವಾಗುವುದು ಇಲ್ಲೇ. "ಎರಡೂ ವಿಎಫ್‌ಡಿ ತಾನೆ" ಎಂದು ಹಳೆಯ ಎರಡು ವೇಗದ ಲಿಫ್ಟಿಗೆ ಅಗ್ಗದ ಸಾಮಾನ್ಯ ಡ್ರೈವ್ ಕೂರಿಸಿ ಕೊಡುವವರಿದ್ದಾರೆ. ನಮ್ಮ ಬಳಗದವರು ನೋಡಿದ ಒಂದು ನರ್ಸಿಂಗ್ ಹೋಮಿನಲ್ಲಿ ಹೀಗೇ ಆಗಿತ್ತು. ಊರಿನ ಹೆಸರು ಬೇಡ. ಗುಂಡಿ ಒತ್ತಿದರೆ ಬ್ರೇಕ್ ಟಕ್ ಎಂದು ಬಿಡುತ್ತಿತ್ತು, ಕ್ಯಾಬಿನ್ ಮೊದಲು ಒಂದು ಗೇಣು ಕೆಳಗೆ ಜಾರಿ ಆಮೇಲೆ ಮೇಲೆ ಹೋಗುತ್ತಿತ್ತು. ಆಯಾ ಒಬ್ಬರು ರೋಗಿಗಳಿಗೆ "ಹೆದರಬೇಡಿ, ಅದು ಹಂಗೇ" ಎಂದು ಸಮಾಧಾನ ಹೇಳುತ್ತಿದ್ದರು. ಅದು ಹಂಗೇ ಇರಬಾರದು. ಲಿಫ್ಟಿಗೆಂದೇ ಮಾಡಿದ ಡ್ರೈವು ಮೊದಲು ಮೋಟಾರಿಗೆ ಬಲ ತುಂಬುತ್ತದೆ, ಭಾರ ಹಿಡಿದದ್ದು ಖಾತ್ರಿಯಾದ ಮೇಲೆ ಬ್ರೇಕ್ ಬಿಡಲು ಹೇಳುತ್ತದೆ. ನಿಲ್ಲುವಾಗ ವೇಗ ಸೊನ್ನೆಗೆ ತಂದು, ಬ್ರೇಕ್ ಪೂರ್ತಿ ಕಚ್ಚುವವರೆಗೂ ಹಿಡಿದು, ಆಮೇಲೆ ಕೈಬಿಡುತ್ತದೆ. ಹಾಗಾಗಿ ಕೊಟೇಶನ್ನಿನಲ್ಲಿ ಬರೀ "ವಿಎಫ್‌ಡಿ" ಇದ್ದರೆ ಸಾಲದು. ಯಾವ ಕಂಪನಿಯ ಯಾವ ಮಾದರಿ, ಅದು ಲಿಫ್ಟಿನ ಕೆಲಸಕ್ಕೇ ಮಾಡಿದ್ದೇ ಎಂದು ಬರೆಸಿಕೊಳ್ಳಿ.

ಎಷ್ಟು ದೊಡ್ಡ ಡ್ರೈವ್ ಬೇಕು? ಲೆಕ್ಕ ಅಷ್ಟೇನೂ ಕಷ್ಟವಿಲ್ಲ, ಏತ ಕಂಡವರಿಗೆ ಇನ್ನೂ ಸುಲಭ. ಏತದ ಮರದ ಹಿಂಬದಿಗೆ ಕಲ್ಲು ಕಟ್ಟುವುದು ಯಾಕೆ? ತುಂಬಿದ ಬಾನಿಯ ಭಾರವನ್ನು ಅದು ಅರ್ಧ ಹೊರಲಿ ಎಂದು. ಲಿಫ್ಟಿನಲ್ಲೂ ಹಗ್ಗದ ಇನ್ನೊಂದು ತುದಿಗೆ ಎದುರುತೂಕ ಇರುತ್ತದೆ: ಖಾಲಿ ಕ್ಯಾಬಿನ್ನಿನ ತೂಕ, ಜೊತೆಗೆ ಹೊರುವ ಭಾರದ ಸುಮಾರು ಅರ್ಧ. ಒಬ್ಬರಿಗೆ 68 ಕಿಲೋ ಲೆಕ್ಕದಲ್ಲಿ ಆರು ಜನರ ಲಿಫ್ಟೆಂದರೆ 408 ಕಿಲೋ. ಮೋಟಾರು ನಿಜವಾಗಿ ಎತ್ತಬೇಕಾದದ್ದು ಅದರಲ್ಲಿ ಅರ್ಧ, 204 ಕಿಲೋ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಎತ್ತಲು 2 ಕಿಲೋವ್ಯಾಟ್ ಸಾಕು. ಹಳೆಯ ವರ್ಮ್ ಗೇರ್‌ಬಾಕ್ಸಿನಲ್ಲೂ ತಿಕ್ಕಾಟದಲ್ಲೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ ಎಂದುಕೊಂಡರೆ 4 ಕಿಲೋವ್ಯಾಟ್, ಅಂದರೆ ಐದೂವರೆ ಎಚ್‌ಪಿ ಆಸುಪಾಸು. ಯಾರಾದರೂ ಇದೇ ಲಿಫ್ಟಿಗೆ 15 ಎಚ್‌ಪಿ ಎಂದರೆ ಯಾಕೆ ಎಂದು ಕೇಳಿ. 3 ಎಚ್‌ಪಿ ಎಂದರೂ ಕೇಳಿ; ಗೇರ್ ಇಲ್ಲದ ಮೋಟಾರಾದರೆ ಉತ್ತರ ಇದ್ದೀತು.

ಆದರೆ ಡ್ರೈವನ್ನು ಎಚ್‌ಪಿ ನೋಡಿ ಆರಿಸಬೇಡಿ, ಆಂಪಿಯರ್ ನೋಡಿ. ಮೋಟಾರಿನ ತಗಡಿನ ಮೇಲೆ ಇರುವ ಆಂಪಿಯರಿಗಿಂತ ಡ್ರೈವಿನದು ಕಡಿಮೆ ಇರಬಾರದು. ಹೊರಡುವಾಗ ಕೆಲವು ಸೆಕೆಂಡು ಒಂದೂವರೆ ಪಟ್ಟು, ಸಾಧ್ಯವಾದರೆ ಎರಡು ಪಟ್ಟು ಕೊಡುವ ತಾಕತ್ತೂ ಬೇಕು. ಒಂದೇ ಎಚ್‌ಪಿ ಎಂದು ಬರೆದ ಪಂಪ್ ಡ್ರೈವಿಗೂ ಲಿಫ್ಟ್ ಡ್ರೈವಿಗೂ ವ್ಯತ್ಯಾಸ ಗೊತ್ತಾಗುವುದು ಈ ಸಾಲಿನಲ್ಲಿ.

ಎದುರುತೂಕದಿಂದ ಇನ್ನೊಂದು ಸೋಜಿಗ ಹುಟ್ಟುತ್ತದೆ. ಖಾಲಿ ಕ್ಯಾಬಿನ್ ಮೇಲೆ ಹೋಗುವಾಗ ಅದನ್ನು ಎಳೆಯುವುದು ಮೋಟಾರಲ್ಲ, ಭಾರವಾದ ಎದುರುತೂಕ. ಕಪಿಲೆಯ ಎತ್ತು ಇಳಿಜಾರಿನಲ್ಲಿ ತನ್ನ ಮೈಭಾರವನ್ನೂ ಹಾಕಿ ನೀರೆಳೆದ ಹಾಗೆ. ತುಂಬಿದ ಕ್ಯಾಬಿನ್ ಇಳಿಯುವಾಗಲೂ ಹಾಗೆಯೇ. ಆಗ ಮೋಟಾರು ಜನರೇಟರ್ ಆಗಿ ಕರೆಂಟನ್ನು ವಾಪಸ್ ಡ್ರೈವಿಗೆ ತಳ್ಳುತ್ತದೆ. ಆ ಕರೆಂಟಿಗೆ ದಾರಿ ಬೇಕು. ಸಣ್ಣ ಲಿಫ್ಟುಗಳಲ್ಲಿ ಪ್ಯಾನೆಲ್ಲಿನ ಪಕ್ಕ ಅಥವಾ ಮೇಲೆ ಜಾಲರಿ ಹಾಕಿದ ಒಂದು ಡಬ್ಬಿ ಇರುತ್ತದೆ, ಬ್ರೇಕಿಂಗ್ ರೆಸಿಸ್ಟರ್. ಬಂದ ಕರೆಂಟೆಲ್ಲ ಅಲ್ಲಿ ಶಾಖವಾಗಿ ಹೋಗುತ್ತದೆ. ಅದನ್ನು ಚಿಕ್ಕದು ಹಾಕಿದರೆ ಡ್ರೈವು ಪದೇ ಪದೇ ಟ್ರಿಪ್ ಆಗುತ್ತದೆ, ಕ್ಯಾಬಿನ್ ಎರಡು ಮಹಡಿಯ ನಡುವೆ ನಿಲ್ಲುತ್ತದೆ. ಮುಟ್ಟಿದರೆ ಕೈ ಸುಡುತ್ತದೆ, ಹಾಗಾಗಿ ಅದರ ಮೇಲೆ ಬಟ್ಟೆ, ರಟ್ಟಿನ ಡಬ್ಬ, ಶಾಮಿಯಾನದ ಹಗ್ಗ ಇಡಬಾರದು. ಕಲ್ಯಾಣ ಮಂಟಪದವರಿಗೆ ಈ ಮಾತು ವಿಶೇಷವಾಗಿ. ಕರೆಂಟನ್ನು ಲೈನಿಗೇ ವಾಪಸ್ ಕೊಡುವ ಡ್ರೈವುಗಳೂ ಇವೆ. ದಿನವಿಡೀ ಓಡುವ ಎತ್ತರದ ಕಟ್ಟಡಕ್ಕೆ ಅವು ಸರಿ, ದಿನಕ್ಕೆ ಮೂವತ್ತು ಸಲ ಓಡುವ ಮನೆಯ ಲಿಫ್ಟಿಗೆ ಆ ದುಡ್ಡು ಮರಳುವುದು ಕಷ್ಟ.

ಎನ್‌ಕೋಡರ್ ಎಂಬ ಮಾತೂ ಬರುತ್ತದೆ. ಮೋಟಾರಿನ ಶಾಫ್ಟ್ ಎಷ್ಟು ತಿರುಗಿತು ಎಂದು ಡ್ರೈವಿಗೆ ಹೇಳುವ ಕಣ್ಣು ಅದು. ಸೆಕೆಂಡಿಗೆ ಒಂದು ಮೀಟರ್ ಒಳಗಿನ ಗೇರ್ ಲಿಫ್ಟಿಗೆ ಅದಿಲ್ಲದೆಯೂ ನಡೆಯುತ್ತದೆ, ಇದ್ದರೆ ಮಟ್ಟ ಇನ್ನಷ್ಟು ಸರಿ ಬರುತ್ತದೆ. ಗೇರ್ ಇಲ್ಲದ ಅಯಸ್ಕಾಂತದ ಮೋಟಾರಾದರೆ ಅದನ್ನು ಬಿಟ್ಟು ದುಡ್ಡು ಉಳಿಸಲು ಹೋಗಬೇಡಿ.

ನಮ್ಮ ಕಡೆಯ ಕರೆಂಟಿನ ಗುಣ ಗೊತ್ತೇ ಇದೆ. ನಡುವೆ ಹೋದರೆ? ಬ್ಯಾಟರಿಯಿಂದ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ವ್ಯವಸ್ಥೆಗೆ ಎಆರ್‌ಡಿ ಎನ್ನುತ್ತಾರೆ. ಒಳ್ಳೆಯ ಡ್ರೈವು ಯಾವ ದಿಕ್ಕಿಗೆ ಹೋದರೆ ಹಗುರ ಎಂದು ನೋಡಿಕೊಂಡು ಆ ಕಡೆಗೇ ಹೋಗುತ್ತದೆ. ಖಾಲಿ ಇದ್ದರೆ ಮೇಲೆ, ತುಂಬಿದ್ದರೆ ಕೆಳಗೆ. ಲಿಫ್ಟು ಒಪ್ಪಿಸಿಕೊಳ್ಳುವ ದಿನ ಮೇನ್ ಸ್ವಿಚ್ ತೆಗೆಸಿ ಇದನ್ನು ಕಣ್ಣಾರೆ ನೋಡಿ. ಅದೇ ದಿನ ಇನ್ನೊಂದು ಪರೀಕ್ಷೆ: ಖಾಲಿ ಕ್ಯಾಬಿನ್, ಆಮೇಲೆ ಪೂರ್ತಿ ತೂಕದ ಮೂಟೆ ಹಾಕಿದ ಕ್ಯಾಬಿನ್, ಎರಡನ್ನೂ ಪ್ರತಿ ಮಹಡಿಯಲ್ಲಿ ಏರುವಾಗಲೂ ಇಳಿಯುವಾಗಲೂ ನಿಲ್ಲಿಸಿ ಹೊಸ್ತಿಲಿನ ವ್ಯತ್ಯಾಸ ಅಳೆಯಿರಿ. ಸ್ಕೇಲು ಸಾಕು.

ಹಳೆಯ ಮೋಟಾರಿಗೆ ಹೊಸ ಡ್ರೈವ್ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಸಾಮಾನ್ಯವಾಗಿ ಹಾಕಬಹುದು, ಎರಡು ವೇಗದ ಮೋಟಾರಾದರೆ ವೇಗದ ಸುತ್ತಿಗೆಯನ್ನು ಮಾತ್ರ ಬಳಸುತ್ತಾರೆ. ಆದರೆ ಡ್ರೈವಿನಿಂದ ಬರುವ ಕರೆಂಟು ಚೂಪಾದ ತುಣುಕುಗಳ ರೂಪದ್ದು, ಹಳೆಯ ಸುತ್ತಿಗೆಯ ವಾರ್ನಿಷ್ ಶಿಥಿಲವಾಗಿದ್ದರೆ ತಡೆಯುವುದಿಲ್ಲ. ಮೊದಲು ಮೆಗ್ಗರ್ ಹಚ್ಚಿ ಇನ್ಸುಲೇಷನ್ ನೋಡಿಸಿ, ಬೇಕಾದರೆ ರೀವೈಂಡಿಂಗ್ ಮಾಡಿಸಿ.

ಡ್ರೈವ್ ಬಂದರೆ ಸುರಕ್ಷತೆಯೂ ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೀಳದಂತೆ ತಡೆಯುವುದು ಈಗಲೂ ಓಟಿಸ್‌ನ ವಂಶದ ಕಬ್ಬಿಣದ ಹಿಡಿಕೆ ಮತ್ತು ವೇಗ ಮೀರಿದರೆ ಅದನ್ನು ಎಳೆಯುವ ಗವರ್ನರ್. ಬಾಗಿಲು ತೆರೆದಿದ್ದರೆ ಓಡದಂತೆ ತಡೆಯುವುದು ಬಾಗಿಲ ಲಾಕು. ಕರ್ನಾಟಕದಲ್ಲಿ 2012ರ ಲಿಫ್ಟು ಕಾಯಿದೆಯ ಪ್ರಕಾರ ಲಿಫ್ಟಿಗೆ ಅನುಮತಿ ಬೇಕು, ವಿದ್ಯುತ್ ಪರಿವೀಕ್ಷಣಾಲಯದವರ ತಪಾಸಣೆ ಆಗಬೇಕು. ಡ್ರೈವ್ ಬದಲಿಸುವಾಗ ಈ ಲಾಕುಗಳನ್ನು ತಾತ್ಕಾಲಿಕವಾಗಿ ತಂತಿ ಹಾಕಿ ಬೈಪಾಸ್ ಮಾಡಿರುತ್ತಾರೆ. ಕೆಲಸ ಮುಗಿದ ಮೇಲೆ ತೆಗೆದರೇ ಎಂದು ನಿಂತು ಕೇಳಿ. ಪ್ಯಾನೆಲ್ಲನ್ನು ನೀವಾಗಿ ತೆರೆಯಬೇಡಿ. ಮೇನ್ ಸ್ವಿಚ್ ತೆಗೆದ ಮೇಲೂ ಹಲವು ನಿಮಿಷ ಆ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜು ಕೂತಿರುತ್ತದೆ.

ಕೊನೆಯದಾಗಿ ಪಾಸ್‌ವರ್ಡ್ ವಿಷಯ. ಡ್ರೈವಿನೊಳಗೆ ನೂರಾರು ಸೆಟ್ಟಿಂಗ್ ಇರುತ್ತವೆ: ಎಷ್ಟು ಸೆಕೆಂಡಿನಲ್ಲಿ ವೇಗ ಏರಬೇಕು, ಎಷ್ಟರಲ್ಲಿ ಇಳಿಯಬೇಕು, ಬ್ರೇಕ್ ಯಾವಾಗ ಬಿಡಬೇಕು. ಕೆಲವು ಕಡೆ ಇವಕ್ಕೆ ಪಾಸ್‌ವರ್ಡ್ ಹಾಕಿ, ಎರಡನೇ ವರ್ಷದಿಂದ ಸರ್ವಿಸ್ ದುಡ್ಡು ಕೇಳಿದಷ್ಟು ಕೊಡಲೇಬೇಕಾದ ಹಾಗೆ ಕಟ್ಟಿಹಾಕುತ್ತಾರೆ. ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ಮಾತಾಡಿ. ಲಿಫ್ಟು ಒಪ್ಪಿಸುವ ದಿನ ಪಾಸ್‌ವರ್ಡನ್ನೂ ಎಲ್ಲ ಸೆಟ್ಟಿಂಗ್‌ಗಳ ಪಟ್ಟಿಯನ್ನೂ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಪಟ್ಟಿಯ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಲು ಹೇಳಿ, ಇನ್ನೊಂದನ್ನು ಮನೆಯ ಪತ್ರಗಳ ಜೊತೆ ಇಡಿ.